ನನ್ನ ಹೆಸರಿನ ಒಂಬತ್ತು ಸಾವಿರ

ನನ್ನ ಸೊಸೆಗೆ ಪರದೆ ಹೊಲಿಯಲು ಬರುತ್ತದೆ, ಲೆಕ್ಕ ಹಿಗ್ಗಿಸಲು ಬರುವುದಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ಜೀವನಾಂಶ ಕೇಳಬೇಕಾದರೆ ಮನೆಗೆ ಎಷ್ಟು, ಮಗುವಿಗೆ ಎಷ್ಟು, ನಿನಗೆ ಎಷ್ಟು ಎಂದು ತಿಂಗಳ ಖರ್ಚನ್ನೆಲ್ಲ ಬರೆದು, ಸಿಕ್ಕಷ್ಟು ರಸೀದಿ ಸೇರಿಸಿ ತಾ ಎಂದು ವಕೀಲೆ ಹೇಳಿ ಕಳಿಸಿದ್ದಳು. ಸೊಸೆ ಹೊಲಿಗೆ ಮಿಷನ್ನಿಗೆ ಮುಚ್ಚಳ ಹಾಕಿ, ಅದರ ಮೇಲೆ ಹಾಳೆ ಹರಡಿಕೊಂಡು, ಪೆನ್ನಿನ ತುದಿ ಕಚ್ಚುತ್ತಾ ಕೂತಳು. ಅವಳು ಬರೆದದ್ದನ್ನು ಬಗ್ಗಿ ನೋಡಿ ನನಗೆ ಮೈಯೆಲ್ಲ ಉರಿಯಿತು.

“ನಿನ್ನ ಬಟ್ಟೆಬರೆ ಅಂತ ಇರೋ ಕಡೆ ಸೊನ್ನೆ ಹಾಕಿದ್ದೀಯಲ್ಲ, ನೀನೇನು ಬೆತ್ತಲೆ ಓಡಾಡ್ತೀಯಾ?”

“ಪರದೆ ಅಂಗಡೀಲಿ ಉಳಿದ ತುಂಡುಗಳಲ್ಲೇ ಹೊಲ್ಕೋತೀನಲ್ಲ ಅತ್ತೆ. ದುಡ್ಡು ಕೊಟ್ಟಿಲ್ಲ.”

“ಹಾಲಿಗೂ ಸೊನ್ನೆ?”

“ಪಕ್ಕದ ಮನೆಯವರ ಪರದೆ ಹೊಲಿದುಕೊಟ್ಟಿದ್ದಕ್ಕೆ ಅವರೇ ಹಾಲು ತಂದು ಕೊಡ್ತಿದ್ದಾರೆ. ಅದನ್ನ ಖರ್ಚು ಅಂತ ಹೇಗೆ ಬರೀಲಿ?”

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇವಳು ಹಾಸಿಗೆಯನ್ನೂ ಮಡಿಸಿಟ್ಟು ಮೂಲೆಯಲ್ಲಿ ಮುದುರಿಕೊಳ್ಳುವ ಪೈಕಿ. ಹಾಗೆ ಹಿಡಿದು ಬದುಕಿದ್ದರಿಂದಲೇ ಮನೆ ನಡೆದದ್ದು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ಹಾಳೆ ನೋಡಿದವರಿಗೆ ಈ ಮನೆಯಲ್ಲಿ ಮೂರು ಜನ ಗಾಳಿ ಕುಡಿದುಕೊಂಡು ಇದ್ದಾರೆ ಎನ್ನಿಸಬೇಕು. ಇಷ್ಟರಲ್ಲೇ ಸಂಸಾರ ಸಾಗುತ್ತದಲ್ಲ, ಇನ್ನು ಯಾಕಮ್ಮಾ ಜೀವನಾಂಶ ಎಂದು ಎದುರು ವಕೀಲ ಕೇಳಿದರೆ ಇವಳು ಹೌದಲ್ಲ ಎಂದು ತಲೆ ಆಡಿಸಿ ಬಂದಾಳು.

ಮೂರು ಜನ ಎಂದರೆ ನಾನು, ಸೊಸೆ, ಮತ್ತು ಎಂಟು ವರ್ಷದ ಮೊಮ್ಮಗಳು. ಮೊಮ್ಮಗಳನ್ನು ನಾವು ಮೆಣಸು ಎಂದು ಕರೆಯುತ್ತೇವೆ. ಗಾತ್ರ ಅಷ್ಟೇ, ಖಾರ ಹೇಳತೀರದು. ನಾಲ್ಕನೆಯವನಾಗಿ ಇದ್ದವನು ನನ್ನ ಮಗ. ಚಿಕ್ಕವನಿದ್ದಾಗ ತಟ್ಟೆ ಮುಂದಿಟ್ಟರೂ ಚಮಚ ಕೈಗೆ ಕೊಡಬೇಕಿತ್ತು, ಅದಕ್ಕೇ ನಾನು ಅವನನ್ನು ದೊರೆ ಎನ್ನುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಕರೆದು ಕರೆದು ಕೊನೆಗೆ ಅವನೂ ಅದನ್ನು ನಂಬಿದನೆಂದು ಕಾಣುತ್ತದೆ. ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಅವನ ಕೆಲಸ, ಕೈಯಲ್ಲಿ ಒಳ್ಳೆಯ ಕಸುಬಿದೆ. ಎರಡು ವರ್ಷದ ಹಿಂದೆ, ಈ ಮನೆಯಲ್ಲಿ ಉಸಿರು ಕಟ್ಟುತ್ತದೆ, ತಲೆ ತಣ್ಣಗಾದ ಮೇಲೆ ಬರುತ್ತೇನೆ ಎಂದು ಚೀಲ ತೆಗೆದುಕೊಂಡು ಹೋದ. ಅವನ ತಲೆ ಇನ್ನೂ ತಣ್ಣಗಾಗಿಲ್ಲ. ಮೊದಮೊದಲು ಮಗುವಿಗೆಂದು ಅಷ್ಟೋ ಇಷ್ಟೋ ಕಳಿಸುತ್ತಿದ್ದ, ಆಮೇಲೆ ಅದೂ ನಿಂತಿತು.

ನಾನು ಅವನ ತಾಯಿ, ನ್ಯಾಯವಾಗಿ ಅವನ ಜೊತೆ ಹೋಗಬೇಕಿತ್ತು. ಒಂದೇ ರೂಮಮ್ಮಾ, ನಿನ್ನನ್ನ ಎಲ್ಲಿ ಮಲಗಿಸಲಿ ಎಂದ. ಸೊಸೆ ನನ್ನನ್ನು ಇರು ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮಾರನೆಯ ದಿನ ಅಂಗಡಿಯಿಂದ ಬರುವಾಗ ನನ್ನ ರಕ್ತದೊತ್ತಡದ ಮಾತ್ರೆ ತಂದು ಕಿಟಕಿಯ ಮೇಲಿಟ್ಟಳು. ಅಂದಿನಿಂದ ಅದು ಹಾಗೆಯೇ ನಡೆದುಕೊಂಡು ಬಂದಿದೆ. ಈ ಪಟ್ಟಿಯಲ್ಲೂ ಮನೆ ಖರ್ಚಿನ ಕೆಳಗೆ ಅತ್ತೆಯ ಮಾತ್ರೆ, ಅತ್ತೆಯ ಕನ್ನಡಕ ಎಂದು ಬರೆದಿದ್ದಳು. ತನ್ನ ಬಟ್ಟೆಗೆ ಸೊನ್ನೆ ಹಾಕಿದ ಮಹಾತಾಯಿ ನನ್ನ ಕನ್ನಡಕದ ಡಬ್ಬಿಯನ್ನೂ ಬಿಟ್ಟಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಖರ್ಚು ಮೆಣಸುವಿನ ಬೂಟು. ಹುಟ್ಟಿನಿಂದಲೇ ಅವಳ ಬಲಗಾಲು ಎಡಗಾಲಿಗಿಂತ ಗಿಡ್ಡ. ಬಲಗಡೆ ಅಟ್ಟೆ ಎತ್ತರಿಸಿ ಮಾಡಿದ ಬೂಟು ಹಾಕಿಕೊಂಡರೆ ನೆಟ್ಟಗೆ ಓಡುತ್ತಾಳೆ. ಬೆಳೆಯುವ ಮಗು, ಕಾಲು ಬೆಳೆದ ಹಾಗೆಲ್ಲ ಬೂಟು ಬದಲಾಯಿಸದಿದ್ದರೆ ಸೊಂಟ ವಾಲುತ್ತದೆ, ಒಮ್ಮೆ ಬೆನ್ನುಮೂಳೆ ಬಾಗಿದರೆ ಆಮೇಲೆ ನನ್ನ ಹತ್ತಿರ ಬಂದು ಅಳಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಈಗಿನ ಜೋಡಿ ಆಗಲೇ ಬಿಗಿಯಾಗಿತ್ತು. ಹೊಸದು ಮಾಡಿಸಬೇಕು, ಮುಂದೆಯೂ ಮಾಡಿಸುತ್ತಲೇ ಇರಬೇಕು, ಪರದೆ ಹೊಲಿದ ದುಡ್ಡು ಬಾಡಿಗೆಗೇ ಸರಿಹೋಗುತ್ತಿತ್ತು. ಕೋರ್ಟಿನ ಮೆಟ್ಟಿಲು ಹತ್ತಿದ್ದು ಅದಕ್ಕೇ ಹೊರತು ಗಂಡನಿಗೆ ಬುದ್ಧಿ ಕಲಿಸಲಿಕ್ಕಲ್ಲ.

ಬೂಟಿಗೆ ರಸೀದಿ ಬೇಕಲ್ಲ ಎಂದು ನಾವಿಬ್ಬರೂ ಬೂಟು ತಾತನ ಹತ್ತಿರ ಹೋದೆವು. ಅವನದು ಬಸ್ ನಿಲ್ದಾಣದ ಹಿಂದೆ ತಗಡಿನ ಒಂದು ಶೆಡ್ಡು. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ, ಗೋಡೆಯ ತುಂಬ ಮರದ ಪಾದಗಳು.

“ರಸೀದಿನಾ?” ಎಂದು ಬೂಟು ತಾತ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದುಕೊಂಡ. “ನಾನು ಕೊಟ್ಟಿದ್ದೂ ಇಲ್ಲ, ಯಾರೂ ಕೇಳಿದ್ದೂ ಇಲ್ಲ. ಕಾಲು ಕೊಡಿ, ಬೂಟು ತಗೊಳ್ಳಿ, ಅಷ್ಟೇ ವ್ಯವಹಾರ.”

“ಹಾಗಂದ್ರೆ ಹೇಗೆ? ಎಷ್ಟು ತಗೊಂಡೆ ಅಂತ ಎಲ್ಲಾದ್ರೂ ಬರೆದಿಟ್ಟಿರಬೇಕಲ್ಲ?” ಎಂದು ನಾನು ಜೋರು ಮಾಡಿದೆ.

ಅವನು ಗೊಣಗುತ್ತಾ ಮೇಲಿನ ಹಲಗೆಯಿಂದ ಸುರುಳಿ ಸುತ್ತಿದ ಕಂದು ಹಾಳೆಗಳನ್ನು ಇಳಿಸಿದ. ಅಳತೆಗೆ ಬಂದವರನ್ನು ಅವನು ಹಾಳೆಯ ಮೇಲೆ ನಿಲ್ಲಿಸಿ ಪೆನ್ಸಿಲ್ಲಿನಲ್ಲಿ ಪಾದದ ಸುತ್ತ ಗೆರೆ ಎಳೆಯುತ್ತಾನೆ. ಮುಂದಿನ ಸಲ ಬಂದಾಗ ಎಷ್ಟು ಬೆಳೆದಿದೆ ಎಂದು ಗೊತ್ತಾಗಲಿ ಎಂದು ಆ ಹಾಳೆಗಳನ್ನು ಬಿಸಾಡುವುದಿಲ್ಲ. ಮೂಲೆಯಲ್ಲಿ ತಾರೀಕು, ಬೆಲೆ ಎರಡೂ ಇದ್ದವು. ಮೆಣಸು ಮೊದಲ ಹೆಜ್ಜೆ ಇಟ್ಟಾಗಿನಿಂದ ಹಿಡಿದು ಹೋದ ಸಲದವರೆಗಿನ ಅವಳ ಪಾದಗಳೆಲ್ಲ ಅಲ್ಲಿದ್ದವು. ಸೊಸೆ ಅವುಗಳನ್ನು ಒಂದರ ಮೇಲೊಂದು ಇಟ್ಟು ಬಹಳ ಹೊತ್ತು ನೋಡಿದಳು.

“ಇದನ್ನ ಕೋರ್ಟಲ್ಲಿ ಒಪ್ತಾರಾ?” ಎಂದು ಅನುಮಾನದಿಂದ ಕೇಳಿದಳು.

“ಒಪ್ಪದಿದ್ರೆ ಜಡ್ಜನ್ನ ಇಲ್ಲಿಗೆ ಕಳಿಸಮ್ಮಾ,” ಎಂದ ಬೂಟು ತಾತ. “ಅವರ ಕಾಲಿಗೂ ಗೆರೆ ಎಳೆದು ಕೊಡ್ತೀನಿ.”

ವಕೀಲೆಯ ಆಫೀಸು ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆ. ನನ್ನ ಮೊಮ್ಮಗಳಾಗುವ ವಯಸ್ಸಿನ ಹುಡುಗಿ, ಕನ್ನಡಕ ಯಾವಾಗಲೂ ನೆತ್ತಿಯ ಮೇಲೆ. ಪಾದದ ಹಾಳೆಗಳನ್ನು ಕಂಡು ಅವಳಿಗೆ ಬಹಳ ಖುಷಿಯಾಯಿತು. ಹಾಲಿಗೆ, ಬಟ್ಟೆಗೆ ಹಾಕಿದ ಸೊನ್ನೆಗಳನ್ನು ಕಂಡು ಸೊಸೆಯನ್ನು ಚೆನ್ನಾಗಿ ಬೈದಳು. ಕೆಲಸ ಕೊಟ್ಟು ತಂದದ್ದಕ್ಕೂ ಬೆಲೆ ಇದೆ, ಬರೀರಿ ಎಂದು ಎದುರಿಗೇ ಕೂರಿಸಿ ಬರೆಸಿದಳು. ಆಮೇಲೆ ಕೆಂಪು ಪೆನ್ನು ತೆಗೆದು ನನ್ನ ಮಾತ್ರೆ ಮತ್ತು ಕನ್ನಡಕದ ಮೇಲೆ ಗೆರೆ ಎಳೆದಳು.

“ಇದು ಬರಲ್ಲ. ಅತ್ತೇನ ಸಾಕೋ ಹೊಣೆ ಕಾನೂನಲ್ಲಿ ನಿಮ್ಮದಲ್ಲ.”

“ಮನೇಲಿದ್ದಾರಲ್ಲ ಮೇಡಂ. ಇರೋರನ್ನ ಇಲ್ಲ ಅಂತ ಹೇಗೆ ಬರೀಲಿ?”

ವಕೀಲೆ ನನ್ನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಕನ್ನಡಕವನ್ನು ನೆತ್ತಿಯಿಂದ ಮೂಗಿಗೆ ಇಳಿಸಿದಳು. “ಅಜ್ಜಿ ಆಗಲೇ ಇನ್ನೊಂದು ಕಡೆ ಇದ್ದಾರೆ,” ಎಂದು ಮಗನ ಕಡೆಯಿಂದ ಬಂದಿದ್ದ ಹೇಳಿಕೆಯನ್ನು ಮುಂದಿಟ್ಟಳು.

ಅವನ ಸಂಬಳ, ಅವನ ಬಾಡಿಗೆ, ಅವನ ಬಸ್ಸು ಎಲ್ಲ ಓದಿದಳು. ಆಮೇಲೆ ಓದಿದಳು: ವೃದ್ಧ ತಾಯಿಯ ಪೋಷಣೆ ಮತ್ತು ಔಷಧಿ, ತಿಂಗಳಿಗೆ ಒಂಬತ್ತು ಸಾವಿರ. ಈ ಎಲ್ಲ ಹೊರೆ ಕಳೆದು ಮಗುವಿಗೆ ಕೊಡಲು ಸಾಧ್ಯವಾಗುವ ಮೊತ್ತ, ತಿಂಗಳಿಗೆ ಮೂರು ಸಾವಿರ.

ಆ ವೃದ್ಧ ತಾಯಿ ಯಾರಪ್ಪಾ ಎಂದು ನಾನು ನಿಜವಾಗಿಯೂ ಒಂದು ಕ್ಷಣ ಯೋಚಿಸಿದೆ. ಒಂಬತ್ತು ಸಾವಿರದ ಔಷಧಿ ತಿಂಗಳು ತಿಂಗಳು ನನ್ನ ಹೊಟ್ಟೆಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ನಾನು ಹಗ್ಗದಾಟ ಆಡುತ್ತಿದ್ದೆ. ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಸುಳ್ಳು ಬರೆದದ್ದಕ್ಕಲ್ಲ. ಬರೆಯುವಾಗ ಅವನ ಕೈಗೆ ನಾನು ಸಿಕ್ಕಿದೆನಲ್ಲ, ಮಗುವಿನ ಪಾಲನ್ನು ತಿನ್ನಲು ನನ್ನನ್ನೇ ಕೂರಿಸಿದನಲ್ಲ ಎಂದು.

“ಇದು ಹೀಗೇ ನಿಂತರೆ ಜಡ್ಜು ಪಾಪ, ತಾಯಿನ ಸಾಕ್ತಿದ್ದಾನೆ ಅಂತ ಮೂರಕ್ಕೋ ನಾಲ್ಕಕ್ಕೋ ಮುಗಿಸ್ತಾರೆ,” ಎಂದಳು ವಕೀಲೆ. “ಅಜ್ಜಿ ಬಂದು ಒಂದು ಮಾತು ಹೇಳಿದ್ರೆ...”

“ಬೇಡ,” ಎಂದಳು ಸೊಸೆ. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಮಗನ ಎದುರು ತಾಯಿನ ನಿಲ್ಲಿಸಲ್ಲ. ಬೇರೆ ದಾರಿ ಇದ್ರೆ ಹೇಳಿ.”

ಬೇರೆ ದಾರಿ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ನಾನೂ ಬಾಯಿ ಬಿಡಲಿಲ್ಲ. ಬಿಡದಿರಲು ಕಾರಣವಿತ್ತು. ದೊರೆ ಪ್ರತಿ ಭಾನುವಾರ ನನಗೆ ಫೋನ್ ಮಾಡುತ್ತಾನೆ. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡಿದ್ದರು, ಯಾವ ಮ್ಯಾನೇಜರು ಹೇಗೆ ಕೂಗಾಡಿದ, ಇಂಥವೇ ಮಾತು. ಮಗುವಿನ ಸುದ್ದಿ ಎತ್ತುತ್ತಿರಲಿಲ್ಲ. ಕೇಳಿದರೆ ಏನು ಕೇಳಬೇಕಾಗುತ್ತದೋ ಎಂಬ ಹೆದರಿಕೆ ಅವನಿಗೆ ಎಂದು ನಾನೂ ಎತ್ತುತ್ತಿರಲಿಲ್ಲ. ವಾರವಿಡೀ ನಾನು ಆ ಒಂದು ಫೋನಿಗೆ ಬದುಕುವವಳು. ಇರುವ ಒಬ್ಬ ಮಗನನ್ನು ಕೋರ್ಟಿನಲ್ಲಿ ಸುಳ್ಳ ಎಂದ ಮೇಲೆ ಆ ಫೋನು ಯಾಕೆ ಬರಬೇಕು? ಅತ್ತ ದರಿ, ಇತ್ತ ಪುಲಿ.

ವಿಚಾರಣೆಗೆ ಎರಡು ದಿನ ಇರುವಾಗ ಮಧ್ಯಾಹ್ನ ದೊರೆಯೇ ಮನೆಗೆ ಬಂದ. ಸೊಸೆ ಅಂಗಡಿಗೆ, ಮಗು ಸ್ಕೂಲಿಗೆ ಹೋಗಿರುವ ಹೊತ್ತು ಅವನಿಗೆ ಗೊತ್ತಿತ್ತು. ಸೊರಗಿಹೋಗಿದ್ದ, ಕಾಲರಿನೊಳಗೆ ಕತ್ತು ಸಡಿಲವಾಗಿ ನಿಂತಿತ್ತು. ಕುರ್ಚಿಯ ತುದಿಯಲ್ಲಿ ಕೂತು ಒಂದು ಲಕೋಟೆಯನ್ನು ನನ್ನ ಮಡಿಲಿಗೆ ಹಾಕಿದ.

“ಅಮ್ಮ, ಒಂಬತ್ತು ಇದೆ.”

“ಏನು ಒಂಬತ್ತು? ಬದನೆಕಾಯಾ?”

“ತಮಾಷೆ ಬೇಡ. ನಮ್ಮ ವಕೀಲರು ಹೇಳಿದ್ರು, ಎಲ್ರೂ ಹಾಗೇ ಬರೆಯೋದಂತೆ. ಅವಳೂ ಜಾಸ್ತಿ ಬರೀತಾಳೆ, ನಾವೂ ಜಾಸ್ತಿ ಬರೀಬೇಕು, ಮಧ್ಯ ಎಲ್ಲೋ ಬಂದು ನಿಲ್ಲತ್ತೆ ಅಂದ್ರು.”

“ಅವಳು ಜಾಸ್ತಿ ಬರೀತಾಳೆ ಅಂತ ನಿನ್ನ ವಕೀಲನಿಗೆ ಯಾರು ಹೇಳಿದ್ದು? ಅವಳಿಗೆ ಕಮ್ಮಿ ಬರೆಯೋದನ್ನ ನಿಲ್ಲಿಸಕ್ಕೇ ನಮಗೆ ಸಾಕುಸಾಕಾಯ್ತು.”

ಅವನು ಉಗುರಿನ ಸಂದಿಯ ಗ್ರೀಸನ್ನು ಕೀಳುತ್ತಾ ಕೂತ. “ಇನ್ಮೇಲೆ ಪ್ರತಿ ತಿಂಗಳೂ ಕೊಡ್ತೀನಿ. ಆಗ ಬರೆದಿದ್ದು ಸುಳ್ಳಾಗಲ್ಲ ಅಲ್ವಾ? ಯಾರಾದ್ರೂ ಕೇಳಿದ್ರೆ ಕೊಡ್ತಾನೆ ಅನ್ನು. ಇಲ್ಲಾಂದ್ರೆ ಬರಲೇಬೇಡ, ಮಂಡಿ ನೋವು ಅನ್ನು. ನನಗೆ ಇನ್ಯಾರಿದ್ದಾರಮ್ಮಾ?”

ಕೆಟ್ಟ ಮಗನಾಗಿದ್ದರೆ ಕೋಲು ತೆಗೆದುಕೊಂಡು ಓಡಿಸಬಹುದಿತ್ತು. ಇವನು ಕೆಟ್ಟವನಲ್ಲ, ಸುಲಭದ ದಾರಿ ಕಂಡರೆ ಅದರಲ್ಲೇ ಹೋಗುವವನು. ಅವನ ತಲೆ ಸವರಿದೆ, ಕೂದಲು ಎಣ್ಣೆ ಕಂಡು ಎಷ್ಟೋ ದಿನವಾಗಿತ್ತು. ಲಕೋಟೆಯನ್ನು ಇಟ್ಟುಕೊಂಡೆ. ಅವನಿಗೆ ನಾನು ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ನೋಡೋಣ ಹೋಗು ಎಂದೆ. ಅವನು ಅದನ್ನು ಹೂಂ ಎಂದೇ ತಿಳಿದುಕೊಂಡು ಹಗುರಾಗಿ ಹೋದ.

ಸಂಜೆ ಮೆಣಸು ಸ್ಕೂಲಿನಿಂದ ಬಂದವಳು ಬಾಗಿಲಲ್ಲೇ ಕೂತು ಬೂಟು ಬಿಚ್ಚಿದಳು. ಬಿಚ್ಚಲು ತುಂಬ ಹೊತ್ತು ತೆಗೆದುಕೊಂಡಳು. ಹೋಗಿ ನೋಡಿದರೆ ಹೆಬ್ಬೆರಳು ಸುಲಿದು ಕೆಂಪಗಾಗಿತ್ತು, ಕಾಲ್ಚೀಲಕ್ಕೆ ಹತ್ತಿ ತುರುಕಿಕೊಂಡಿದ್ದಳು.

“ಯಾಕೇ ಹೇಳ್ಲಿಲ್ಲ?”

“ಕೋರ್ಟ್ ಆದ್ಮೇಲೆ ಹೊಸದು ಅಂತ ಅಮ್ಮ ಹೇಳಿದ್ಲಲ್ಲ. ಕೋರ್ಟ್ ಆಗಲಿ ಅಂತ ಸುಮ್ನಿದ್ದೆ.” ನಾನು ಬಯ್ಯುತ್ತೇನೇನೋ ಎಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

ಮಾರನೆಯ ಬೆಳಿಗ್ಗೆ ಅವಳನ್ನು ಸ್ಕೂಲಿಗೆ ಬಿಡುತ್ತೇನೆಂದು ಹೊರಟು ನೇರ ಬೂಟು ತಾತನ ಶೆಡ್ಡಿಗೆ ಕರೆದುಕೊಂಡು ಹೋದೆ. ಹೊಸ ಹಾಳೆಯ ಮೇಲೆ ಅವಳನ್ನು ನಿಲ್ಲಿಸಿ ಅವನು ಗೆರೆ ಎಳೆದ. ಲಕೋಟೆಯನ್ನು ಹಾಗೇ ಅವನ ಕೈಗೆ ಕೊಟ್ಟೆ. ಬೂಟಿಗೆ ಹೋಗಿ ಮಿಕ್ಕದ್ದರಲ್ಲಿ ಕಾಲ್ಚೀಲವೂ ಬಂತು. ಮೂಲೆಯಲ್ಲಿ ತಾರೀಕು, ಬೆಲೆ ಬರೆದು ಹಾಳೆಯನ್ನೂ ಕೊಟ್ಟ, ಈ ಸಲ ಕೇಳುವ ಮೊದಲೇ.

ಅಂದು ಸಂಜೆ ಸೊಸೆಗೆ ಎಲ್ಲವನ್ನೂ ಹೇಳಿದೆ. ಮಗ ಬಂದದ್ದು, ದುಡ್ಡು ಕೊಟ್ಟದ್ದು, ಅದು ಬೂಟಾದದ್ದು. “ನಾಳೆ ನಾನೂ ಕೋರ್ಟಿಗೆ ಬರ್ತೀನಿ,” ಎಂದೆ.

“ಬೇಡ ಅತ್ತೆ. ಆಮೇಲೆ ಅವರು ನಿಮ್ಮ ಹತ್ರ ಮಾತಾಡದಿದ್ರೆ?”

“ಮಾತಾಡದಿದ್ರೆ ಅವನ ಹಣೆಬರಹ,” ಎಂದು ಜಂಬದಿಂದ ಅಂದೆ. ಆಮೇಲೆ ಎದ್ದು ಹೋಗಿ ಫೋನಿನ ಧೂಳು ಒರೆಸಿದೆ.

ಕೋರ್ಟಿನ ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ನಿಂತಿತ್ತು. ಮಗ ಊರವರ ಲಿಫ್ಟನ್ನೆಲ್ಲ ರಿಪೇರಿ ಮಾಡುತ್ತಾನೆ, ಅಮ್ಮ ಮಂಡಿ ಹಿಡಿದುಕೊಂಡು ಮೂರನೆಯ ಮಹಡಿಗೆ ಹತ್ತಿದಳು. ನನ್ನನ್ನು ಕಂಡು ದೊರೆ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕೂತ. ನ್ಯಾಯಾಧೀಶೆ ನನಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಹೆಂಗಸು, ಕೆಮ್ಮು ಹಿಡಿದಿತ್ತು, ನಡುನಡುವೆ ಬಿಸಿನೀರು ಗುಟುಕರಿಸುತ್ತಿದ್ದರು. ನಾನು ಯಾರೆಂದು ವಕೀಲೆ ಹೇಳಿದ ಮೇಲೆ ನನಗೊಂದು ಕುರ್ಚಿ ಹಾಕಿಸಿದರು.

“ಮಗ ನಿಮಗೆ ಹಣ ಕೊಡ್ತಾರಾ?” ಎಂದು ನ್ಯಾಯಾಧೀಶೆ ಕೇಳಿದರು.

“ಕೊಟ್ಟಿದ್ದಾನೆ.”

ಮಗನ ವಕೀಲನ ಮುಖ ಅರಳಿತು. ದೊರೆಯ ಭುಜ ಸಡಿಲವಾಯಿತು. ಚಿಕ್ಕಂದಿನಲ್ಲಿ ಏನಾದರೂ ಒಡೆದುಹಾಕಿ, ಒಡೆದದ್ದು ಇವನಲ್ಲ ಎಂದು ನಾನು ಅವನ ಪರ ವಹಿಸಿದಾಗ ಹೀಗೆಯೇ ಭುಜ ಇಳಿಸುತ್ತಿದ್ದ. ಅಲ್ಲಿಗೇ ನಿಲ್ಲಿಸಿಬಿಡಬೇಕೆಂದು ನನಗೆ ಬಹಳ ಆಸೆಯಾಯಿತು.

“ಯಾವಾಗೆಲ್ಲ ಕೊಟ್ಟಿದ್ದಾರೆ?”

“ಮೊನ್ನೆ ಮಧ್ಯಾಹ್ನ.”

“ಅದಕ್ಕೂ ಮುಂಚೆ?”

“ಅದಕ್ಕೂ ಮುಂಚೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೊದಲನೇ ಸಂಬಳದಲ್ಲಿ ಒಂದು ಕೊಡೆ ತಂದುಕೊಟ್ಟಿದ್ದ.”

ಹಿಂದೆ ಯಾರೋ ನಕ್ಕರು. ನಗಿಸಲಿಕ್ಕೆ ನಾನು ಹೇಳಿರಲಿಲ್ಲ. ಒಳ್ಳೆಯ ಕೊಡೆ ಅದು, ಅವನು ಆರಿಸಿ ತಂದದ್ದು.

“ಮೊನ್ನೆ ಕೊಟ್ಟ ಹಣ ಏನು ಮಾಡಿದ್ರಿ?”

“ಮೊಮ್ಮಗಳ ಬೂಟಿಗೆ ಕೊಟ್ಟೆ ತಾಯಿ. ಹಳೇದು ಕಾಲು ಕಚ್ಚಿ ಸುಲಿದಿತ್ತು.” ಬೂಟು ತಾತನ ಹೊಸ ಹಾಳೆಯನ್ನು ವಕೀಲೆ ಮೇಲಕ್ಕೆ ಕೊಟ್ಟಳು.

ಮಗನ ವಕೀಲ ಗಂಟಲು ಸರಿಮಾಡಿಕೊಂಡು ಎದ್ದ. “ನೀವು ಸೊಸೆ ಮನೇಲಿ ಅನ್ನ ತಿಂತಿದ್ದೀರಿ. ಅವರು ಹೇಳಿಕೊಟ್ಟಿದ್ದನ್ನೇ ಇಲ್ಲಿ ಬಂದು ಹೇಳ್ತಿದ್ದೀರಿ, ಅಲ್ವಾ?”

“ಅನ್ನ ಹಾಕ್ತಾಳಪ್ಪ, ಮಾತು ಹಾಕಿಕೊಡಲ್ಲ,” ಎಂದೆ. “ಅವಳ ಮಾತನ್ನೇ ಅವಳಿಗೆ ಆಡಕ್ಕೆ ಬರಲ್ಲ, ಇನ್ನು ನನಗೆಲ್ಲಿ ಹೇಳಿಕೊಡ್ತಾಳೆ?”

ನ್ಯಾಯಾಧೀಶೆ ಪಾದದ ಹಾಳೆಗಳನ್ನು ಒಂದೊಂದಾಗಿ ನೋಡಿ ಮಗನ ಕೈಗೆ ಕೊಡಿಸಿದರು. ಹಳೆಯವನ್ನು ಅವನು ಬೇಗ ಬೇಗ ತಿರುವಿದ. ಅವುಗಳಿಗೆ ಗೆರೆ ಎಳೆಯುವಾಗ ಮಗುವಿನ ಮಂಡಿ ಅಲುಗದ ಹಾಗೆ ಹಿಡಿದುಕೊಳ್ಳುತ್ತಿದ್ದವನು ಅವನೇ. ಕಡೆಯ ಎರಡು ಹಾಳೆ ಅವನು ಕಾಣದವು. ಅಲ್ಲಿ ಬಂದು ಅವನ ಕೈ ನಿಂತಿತು. ಅವನ ವಕೀಲ ಕಿವಿಯಲ್ಲಿ ಏನೋ ಹೇಳಿದ, ಅವನಿಗೆ ಕೇಳಿಸಿದಂತೆ ಕಾಣಲಿಲ್ಲ.

“ತಾಯಿಗೆ ತಿಂಗಳಿಗೆ ಒಂಬತ್ತು ಸಾವಿರ ಕೊಡೋ ಶಕ್ತಿ ಇದೆ ಅಂತ ನೀವೇ ಪ್ರಮಾಣ ಮಾಡಿ ಬರೆದಿದ್ದೀರಿ,” ಎಂದರು ನ್ಯಾಯಾಧೀಶೆ. “ಆ ಶಕ್ತಿ ಇದೆ ಅಂತಲೇ ನಾನೂ ಒಪ್ಕೋತೀನಿ. ತಾಯಿಗೆ ಅದು ಹೋಗ್ತಿಲ್ಲ. ಆದ್ದರಿಂದ ಮಗುವಿಗೆ ಹೋಗಲಿ. ನೀವು ಒಪ್ಪಿರೋ ಮೂರು, ಅದರ ಜೊತೆ ಈ ಒಂಬತ್ತು. ಅಂತಿಮ ಆದೇಶ ಆಗೋವರೆಗೆ ಹೀಗೇ ನಡೀಲಿ.” ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಪೋಷಣೆಗೆ ಮಗನಿಂದ ನೀವೂ ಕೇಳಬಹುದು, ಬೇರೆ ಅರ್ಜಿ ಹಾಕಬೇಕು,” ಎಂದರು.

“ಬೇಡ ತಾಯಿ. ಇರೋದು ಒಂದೇ ಕೋಳಿ, ಎಷ್ಟು ಸಲ ಕೊಯ್ಯೋದು?”

ಹೊರಗೆ ಓಣಿಯಂಥ ಜಾಗದಲ್ಲಿ ವಕೀಲೆ ಸೊಸೆಯ ಕೈ ಕುಲುಕುತ್ತಿದ್ದಳು. ದೊರೆ ನನ್ನ ಎದುರು ಬಂದು ನಿಂತ.

“ಒಂದು ಮಾತಮ್ಮ. ನನಗೋಸ್ಕರ ಒಂದೇ ಒಂದು ಮಾತು ಆಡಕ್ಕಾಗಲಿಲ್ವಾ ನಿನಗೆ?”

“ನೀನು ಹುಟ್ಟಿದಾಗಿಂದ ನಿನಗೋಸ್ಕರವೇ ಆಡ್ಕೊಂಡು ಬಂದಿದ್ದೀನಿ ಕಣೋ,” ಎಂದೆ. “ಇವತ್ತೊಂದು ದಿನ ನಿನ್ನ ಮಗಳ ಕಾಲಿಗೋಸ್ಕರ ಆಡ್ದೆ.”

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ತಿರುಗಿ ಮೆಟ್ಟಿಲಿಳಿಯತೊಡಗಿದ. ಆಗ ಸೊಸೆ ವಕೀಲೆಯನ್ನು ಅಲ್ಲಿಯೇ ಬಿಟ್ಟು ಅವನ ಹಿಂದೆ ಓಡಿದಳು. ವರ್ಷದಿಂದ ಅವನೊಡನೆ ಒಂದು ಮಾತೂ ಆಡದವಳು. ನಾನು ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡಿದೆ, ಜಗಳವಾಗುತ್ತದೆಂದೇ ಹೆದರಿಕೊಂಡೆ.

“ನನ್ನ ಮೇಲಿನ ಸಿಟ್ಟನ್ನ ಅವರ ಮೇಲೆ ತೀರಿಸ್ಬೇಡಿ,” ಎನ್ನುತ್ತಿದ್ದಳು ಸೊಸೆ. “ಭಾನುವಾರ ಬೆಳಗಾದ್ರೆ ಅವರು ಫೋನಿನ ಪಕ್ಕ ಬಿಟ್ಟು ಏಳಲ್ಲ. ಸ್ನಾನಕ್ಕೂ ಹೋಗಲ್ಲ. ಒಂದು ನಿಮಿಷ ಮಾತಾಡಿ ಸಾಕು.”

ಅವನು ಅವಳನ್ನೊಮ್ಮೆ, ಮೇಲೆ ನನ್ನನ್ನೊಮ್ಮೆ ನೋಡಿ ಇಳಿದುಹೋದ. ಫೋನಿಗೆ ಕಾಯುವುದು ನನ್ನ ಗುಟ್ಟೆಂದು ತಿಳಿದುಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಆಗಿತ್ತು ನನ್ನ ಕಥೆ. ಸೊಸೆ ಮೇಲೆ ಬಂದಾಗ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅವಳು ಸಮಾಧಾನ ಹೇಳಲಿಲ್ಲ, ಅದು ಅವಳಿಗೆ ಬರುವುದಿಲ್ಲ. ನನ್ನ ತೋಳು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದಳು.

ತಿಂಗಳ ಮೊದಲಲ್ಲಿ ಹಣ ಖಾತೆಗೆ ಬಂತು, ತಪ್ಪಲಿಲ್ಲ. ಬೂಟೂ ಬಂತು. ಮೆಣಸು ಅದನ್ನು ಹಾಕಿಕೊಂಡು ಮನೆಯೊಳಗೆಲ್ಲ ಟಕಟಕ ಓಡಾಡಿದಳು, ಕೆಳಗಿನ ಮನೆಯವರು ಬಂದು ಜಗಳವಾಡುವವರೆಗೆ. ಸೊಂಟ ನೆಟ್ಟಗೆ ನಿಂತಿತ್ತು. ನೋಡಿ ನನ್ನ ಕಣ್ಣು ತುಂಬಿತು.

ಫೋನು ಮಾತ್ರ ಬರಲಿಲ್ಲ. ಮೊದಲ ಭಾನುವಾರ ಅದು ಕೆಟ್ಟಿದೆಯೇನೋ ಎಂದು ಪಕ್ಕದ ಮನೆಯವಳಿಂದ ಒಂದು ಸಲ ಮಾಡಿಸಿ ನೋಡಿದೆ. ಕೆಟ್ಟಿರಲಿಲ್ಲ. ಎರಡನೆಯ ಭಾನುವಾರವೂ ಹಾಗೇ ಕಳೆಯಿತು. ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು. ಸರಿ ಎಂದು ಗೊತ್ತಿದ್ದರೆ ನೋಯುವುದಿಲ್ಲ ಎಂದು ಯಾರು ಹೇಳಿದರೋ ಅವರಿಗೆ ಮಕ್ಕಳಿರಲಿಕ್ಕಿಲ್ಲ.

ಮೂರನೆಯ ಭಾನುವಾರ ನಾನು ಕಾಯುವುದನ್ನೇ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟೆ. ಸೊಸೆ ಊಟಕ್ಕೆ ಕರೆದು ಕರೆದು ಸಾಕಾಗಿ, ನನ್ನ ಪಾಲನ್ನು ಮುಚ್ಚಿಟ್ಟು ಪರದೆ ಹೊಲಿಯಲು ಕೂತಳು. ಆಗ ಫೋನು ಬಡಿದುಕೊಂಡಿತು. ನಾನು ಮಂಡಿ ಊರಿ ಏಳುವಷ್ಟರಲ್ಲಿ ಮೆಣಸು ಓಡಿಹೋಗಿ ಎತ್ತಿಕೊಂಡಳು. ಹೂಂ ಎಂದಳು, ಹೊಸ ಬೂಟು ಎಂದಳು, ಇಲ್ಲ ಈಗ ನೋಯಲ್ಲ ಎಂದಳು, ತನ್ನ ಹಲ್ಲು ಬಿದ್ದ ಕಥೆಯನ್ನು ರಕ್ತದ ಸಮೇತ ಹೇಳಿದಳು. ನಾನು ಹತ್ತಿರ ಹೋಗಿ ಕೈ ಚಾಚಿಕೊಂಡು ನಿಂತೆ. ಅವಳು ಸರಿ ಎಂದು ಫೋನು ಕೆಳಗಿಟ್ಟಳು.

“ಅಪ್ಪ,” ಎಂದಳು.

“ನನ್ನ ಕೇಳ್ಲಿಲ್ವೇನೇ?”

“ಕೇಳಿದ. ಅಜ್ಜಿ ಊಟ ಮಾಡಿದ್ಲಾ ಅಂದ. ಮಾಡಿದ್ಲು ಅಂದೆ.”

“ಆಮೇಲೆ?”

“ಆಮೇಲೆ ಏನಿಲ್ಲ. ಇಟ್ಬಿಟ್ಟ.”

ನಾನು ಊಟ ಮಾಡಿರಲಿಲ್ಲ. ಮಗು ಹೇಳಿದ್ದು ಸುಳ್ಳಾಗಬಾರದೆಂದು ಒಳಗೆ ಹೋಗಿ ತಟ್ಟೆ ಹಾಕಿಕೊಂಡೆ.